ಮಕ್ಕಳ ಲೆಕ್ಕ ಯಾರ ಕೈಯಲ್ಲಿರಬೇಕು?

(ಕಾರ್ಮಿಕರ ಬಡಾವಣೆಯ ಶಾಲೆಯೊಂದರ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನದ ಸಭೆಯ ಮುಂದಿರುವ ಪ್ರಶ್ನೆ ಒಂದೇ. ನಿಮ್ಮ ಚಂದಾ ಹಣದಿಂದ ಎದ್ದು ನಿಂತ ಈ ಶಾಲೆಯ ಆಡಳಿತ ಸಮಿತಿಯವರು ವಿದ್ಯಾರ್ಥಿಗಳ ವಿವರಗಳನ್ನೆಲ್ಲ ಕಂಪ್ಯೂಟರಿನಲ್ಲಿಡುವುದಕ್ಕೆ ಒಂದು ಸಾಫ್ಟ್‌ವೇರ್ ಕೊಳ್ಳಬೇಕೆಂದಿದ್ದಾರೆ. ಮೂರು ಕಂಪನಿಗಳಿಂದ ದರಪಟ್ಟಿ ಬಂದಿದೆ. ಮುಂದಿನ ತಿಂಗಳು ಒಂದಕ್ಕೆ ಸಹಿ ಬೀಳಲಿದೆ. ಅದಕ್ಕೆ ಮುಂಚೆ ಪೋಷಕರ ಅಭಿಪ್ರಾಯ ಕೇಳಿ ಎಂದು ನಾವು ಒತ್ತಾಯ ಮಾಡಿದೆವು. ಸಮಿತಿಯವರು ಒಪ್ಪಿ ಈ ಸಭೆ ಕರೆದಿದ್ದಾರೆ. ಅದಕ್ಕಾಗಿ ಅವರಿಗೆ ವಂದನೆಗಳು.

"ಇದು ಕಂಪ್ಯೂಟರ್ ಬಲ್ಲವರ ವಿಷಯ, ನಮಗೇನು ತಿಳಿಯುತ್ತದೆ?" ಎಂದು ತಮ್ಮಲ್ಲಿ ಕೆಲವರು ಬಾಗಿಲಲ್ಲೆ ಕೇಳಿದಿರಿ. ನಮ್ಮ ಉತ್ತರ ಇಷ್ಟೆ: ಈ ವಿಷಯ ತಮಗೆ ತಿಳಿಯುವಷ್ಟು ಇನ್ನಾರಿಗೂ ತಿಳಿಯದು. ಸಾಫ್ಟ್‌ವೇರ್ ಎಂದರೆ ಏನು? ಅದೊಂದು ಲೆಕ್ಕದ ಪುಸ್ತಕ. ವರ್ತಕರಿಗೆ ಕಿರ್ದಿ, ಖತಾವಣಿ ಇದ್ದಂತೆ. ಮಿಲ್ಲಿನಲ್ಲಿ ಹಾಜರಿ ಪುಸ್ತಕ, ಸಂಬಳದ ಪಟ್ಟಿ ಇದ್ದಂತೆ. ತನ್ನ ಖಾತೆ ಪುಸ್ತಕವನ್ನು ಬೇರೊಬ್ಬನ ಮನೆಯಲ್ಲಿಟ್ಟು, ಬೀಗದ ಕೈಯನ್ನೂ ಅವನಿಗೇ ಕೊಟ್ಟು, ತಿಂಗಳಿಗಿಷ್ಟು ಬಾಡಿಗೆ ಕೊಟ್ಟು ನೋಡಿಕೊಂಡು ಬರುವ ವರ್ತಕ ಯಾರಾದರೂ ಇದ್ದಾನೆಯೆ? ಹಾಜರಿಯನ್ನು ತಪ್ಪು ಬರೆದು, ಕೇಳಿದರೆ "ಮೆಶಿನ್ನಿನಲ್ಲಿ ಹಾಗೆ ಬಂದಿದೆ" ಎಂದ ಟೈಂ ಆಫೀಸಿನವನ ಮಾತನ್ನು ಕಾರ್ಮಿಕರು ಸುಮ್ಮನೆ ಒಪ್ಪಿಕೊಂಡಿದ್ದಾರೆಯೆ? ಹಾಗಾದರೆ ಮಕ್ಕಳ ಲೆಕ್ಕದ ವಿಷಯದಲ್ಲಿ ಮಾತ್ರ ಏಕೆ ಬಾಯಿ ಮುಚ್ಚಬೇಕು?

ನಾವು ಕೆಲವು ವರ್ಷ ಉಪಾಧ್ಯಾಯರಾಗಿದ್ದವರು. ಶಾಲೆಯಲ್ಲಿ ಎಷ್ಟು ಪುಸ್ತಕಗಳಿವೆ ಎಂಬುದನ್ನು ಬಲ್ಲೆವು. ದಾಖಲಾತಿ ವಹಿ ಒಂದು, ಹಾಜರಿ ಪುಸ್ತಕ ಒಂದು, ಅಂಕಪಟ್ಟಿಯ ವಹಿ ಒಂದು, ಶುಲ್ಕ ವಸೂಲಿಯದು ಒಂದು, ವರ್ಗಾವಣೆ ಪತ್ರ ಅಂದರೆ ಟಿ.ಸಿ.ಯ ಪುಸ್ತಕ ಒಂದು. ಇವುಗಳ ಮೇಲೆ ಈಗ ಸರ್ಕಾರದ ಎರಡು ಜಾಲತಾಣಗಳ ಕೆಲಸ ಬೇರೆ. ರಾಜ್ಯ ಸರ್ಕಾರದ್ದು ಎಸ್.ಎ.ಟಿ.ಎಸ್., ಕೇಂದ್ರದ್ದು ಯು-ಡೈಸ್ ಪ್ಲಸ್. 2022-23ರಿಂದ ಯು-ಡೈಸ್‌ನಲ್ಲಿ ಶಾಲೆಯ ಒಟ್ಟು ಸಂಖ್ಯೆ ಬರೆದರೆ ಸಾಲದಾಯಿತು. ಒಂದೊಂದು ಮಗುವಿನ ವಿವರವನ್ನೂ ಬೇರೆ ಬೇರೆಯಾಗಿ ತುಂಬಬೇಕು. ಅದೇ ಹೆಸರು, ಅದೇ ಹುಟ್ಟಿದ ದಿನ, ಅದೇ ತಂದೆ ತಾಯಿಯ ಹೆಸರನ್ನು ಒಬ್ಬ ಗುಮಾಸ್ತ ನಾಲ್ಕು ಕಡೆ ಬರೆಯುತ್ತಾನೆ. ಗುಮಾಸ್ತನಿಲ್ಲದ ಕಡೆ ಮೇಷ್ಟರು ಪಾಠ ಬಿಟ್ಟು ಬರೆಯುತ್ತಾರೆ. ಈ ಕಷ್ಟ ನಿಜವಾದುದು. ಆದುದರಿಂದ ಕಂಪ್ಯೂಟರ್ ಬೇಡವೆಂದು ಹೇಳುವುದಕ್ಕೆ ನಾವು ನಿಂತಿಲ್ಲ. ಎಂತಹುದು ಬೇಕು, ಯಾವ ಷರತ್ತಿನ ಮೇಲೆ ಬೇಕು ಎಂಬುದಷ್ಟೆ ಇಲ್ಲಿನ ಚರ್ಚೆ.

ಮೊದಲು ಹಣದ ಮಾತು. ಕಂಪನಿಗಳ ದರ ಸಾಮಾನ್ಯವಾಗಿ "ಒಂದು ಮಗುವಿಗೆ ತಿಂಗಳಿಗೆ ಇಷ್ಟು" ಎಂದಿರುತ್ತದೆ. ಕೇಳುವುದಕ್ಕೆ ಒಂದು ಲೋಟ ಚಹಾದ ಬೆಲೆ. ಲೆಕ್ಕ ಹಾಕಿ ನೋಡೋಣ. 400 ಮಕ್ಕಳಿರುವ ಶಾಲೆ, ಮಗುವಿಗೆ ತಿಂಗಳಿಗೆ 20 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 8,000. ವರ್ಷಕ್ಕೆ 96,000. ಐದು ವರ್ಷಕ್ಕೆ 4,80,000. ಇದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 86,400. ಒಟ್ಟು 5,66,400 ರೂಪಾಯಿ. ಮೊದಲ ವರ್ಷ ಹಳೆಯ ವಿವರ ತುಂಬುವ ಖರ್ಚು, ತರಬೇತಿಯ ಖರ್ಚು, ಪೋಷಕರ ಫೋನಿಗೆ ಹೋಗುವ ಸಂದೇಶಗಳ ಖರ್ಚು ಇದರಲ್ಲಿ ಸೇರಿಲ್ಲ. ಎರಡನೆಯ ವರ್ಷ ದರ ಏರಿಸುವುದಿಲ್ಲವೆಂದು ಬರೆದುಕೊಟ್ಟಿದ್ದಾರೆಯೆ? ಇಲ್ಲವಾದರೆ ಈ ಲೆಕ್ಕವೂ ಸುಳ್ಳಾಗುತ್ತದೆ. ಆದುದರಿಂದ ದರಪಟ್ಟಿಗಳನ್ನು ತಿಂಗಳ ದರದ ಮೇಲೆ ಹೋಲಿಸಬಾರದು. ಐದು ವರ್ಷದ ಒಟ್ಟು ಖರ್ಚಿನ ಮೇಲೆ ಹೋಲಿಸಬೇಕು. ಸಾಲ ಕೊಡುವವನು ದಿನದ ಬಡ್ಡಿ ಹೇಳಿ ವರ್ಷದ ಬಡ್ಡಿ ಮರೆಸುವುದನ್ನು ಕಂಡ ತಮಗೆ ಈ ವಿದ್ಯೆಯನ್ನು ನಾವು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಪುಕ್ಕಟೆ ಸಿಗುವುದನ್ನು ತರೋಣವೆ? ಪುಕ್ಕಟೆ ಎಂಬುದರಲ್ಲಿ ಎರಡು ಬಗೆ ಇದೆ. ಎರಡನ್ನೂ ಬೆರೆಸಬಾರದು.

ಒಂದು ಬಗೆಯದು ಕಂಪನಿಗಳು ಹಣ ಕೇಳದೆ ಹಂಚುವ ಆ್ಯಪ್‌ಗಳು. ಹಣ ಕೇಳದವನು ಬೇರೇನನ್ನೋ ಕೇಳುತ್ತಾನೆ. ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆಯು 2022ರಲ್ಲಿ ಹಲವು ದೇಶಗಳ ಶಿಕ್ಷಣದ ಆ್ಯಪ್ ಮತ್ತು ಜಾಲತಾಣಗಳನ್ನು ಪರೀಕ್ಷಿಸಿ ವರದಿ ಕೊಟ್ಟಿತು. ನೂರರಲ್ಲಿ 89ರಷ್ಟು ಮಕ್ಕಳ ಹಕ್ಕಿಗೆ ಧಕ್ಕೆ ತರುವ ರೀತಿಯಲ್ಲಿ ವಿವರ ಸಂಗ್ರಹಿಸುತ್ತಿದ್ದುವು, ಇಲ್ಲವೆ ಅದಕ್ಕೆ ದಾರಿ ಮಾಡಿದ್ದುವು ಎಂಬುದು ಅದರ ತೀರ್ಮಾನ. ಬಹಳಷ್ಟು ಆ್ಯಪ್‌ಗಳಿಂದ ವಿವರ ಹೋಗಿ ಸೇರುತ್ತಿದ್ದುದು ಜಾಹೀರಾತಿನ ಕಂಪನಿಗಳ ಕೈಗೆ.

ಎರಡನೆಯ ಬಗೆ ಬೇರೆಯದು. ಅದನ್ನು ಮುಕ್ತ ತಂತ್ರಾಂಶ ಎನ್ನುತ್ತಾರೆ. ಅದರ ಒಳಗುಟ್ಟು ಎಲ್ಲರಿಗೂ ತೆರೆದಿರುತ್ತದೆ; ಯಾರು ಬೇಕಾದರೂ ತಮ್ಮ ಯಂತ್ರದ ಮೇಲೆ ಕೂರಿಸಿಕೊಂಡು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಹಾಂಗ್‌ಕಾಂಗಿನ ಶಾಲೆಯಲ್ಲಿ ಹುಟ್ಟಿದ ಗಿಬ್ಬನ್ ಇದೆ, ಓಪನ್‌ಸಿಸ್ ಇದೆ. ನಮ್ಮ ಬೆಂಗಳೂರಿನಲ್ಲೆ 2009ರಲ್ಲಿ ಫೆಡೆನಾ ಎಂಬುದು ತಯಾರಾಗಿ, ಆಗ ಮುಕ್ತವಾಗಿಯೇ ಹೊರಬಂದಿತು. ನೆರೆಯ ಕೇರಳದವರು ಅದನ್ನು ತೆಗೆದುಕೊಂಡು, ತಮ್ಮ ಶಾಲೆಗಳಿಗೆ ಹೊಂದಿಸಿ, "ಸಂಪೂರ್ಣ" ಎಂದು ಹೆಸರಿಟ್ಟು ಸಾವಿರಾರು ಶಾಲೆಗಳಲ್ಲಿ ನಡೆಸಿದರು. ಬೆಂಗಳೂರಿನ ಬೀಜ, ಕೇರಳದ ಬೆಳೆ. ಅವರಿಗೆ ಅದು ಸಾಧ್ಯವಾದುದು ಹೇಗೆ? ಶಾಲೆಗಳ ಕಂಪ್ಯೂಟರ್ ಕೆಲಸಕ್ಕೆಂದು 2001ರಿಂದಲೇ ಸರ್ಕಾರದ ಒಂದು ವಿಭಾಗ ಕಟ್ಟಿ, ಉಪಾಧ್ಯಾಯರಿಗೇ ತರಬೇತಿ ಕೊಟ್ಟಿದ್ದರು. ಮಾತು ಇಲ್ಲಿದೆ: ಮುಕ್ತ ತಂತ್ರಾಂಶಕ್ಕೆ ಬೆಲೆ ಇಲ್ಲ, ಆದರೆ ಆರೈಕೆಗೆ ಬೆಲೆ ಇದೆ. ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು, ಅವನಿಗೆ ಸಂಬಳ ಬೇಕು, ಯಂತ್ರ ಬೇಕು. ಒಂದು ಶಾಲೆಗೆ ಅದು ಭಾರ. ಊರಿನ ಐದಾರು ಶಾಲೆಗಳು ಕೂಡಿಕೊಂಡರೆ ಭಾರವಲ್ಲ. ಸಹಕಾರದ ಮೇಲೆ ಹಾಲಿನ ಡೈರಿ ನಡೆಸುವ, ಪತ್ತಿನ ಸಂಘ ನಡೆಸುವ ನಾಡಿನಲ್ಲಿ ಇದೇನು ಆಗದ ಹೋಗದ ಮಾತೆ?

ಇನ್ನೂ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ನೂರು ನೂರೈವತ್ತು ಮಕ್ಕಳ ಶಾಲೆಗೆ ಇಂಥ ದೊಡ್ಡ ಸಾಫ್ಟ್‌ವೇರ್ ಬೇಕೇ ಇಲ್ಲ. ಲಿಬ್ರೆಆಫೀಸ್‌ನಂತಹ ಹಣ ಕೊಡಬೇಕಾಗಿಲ್ಲದ ಸಾಧನದಲ್ಲಿ ಕೋಷ್ಟಕ ಹಾಕಿ, ಪಾಸ್‌ವರ್ಡ್ ಇಟ್ಟು, ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ಪ್ರತಿ ಮಾಡಿಟ್ಟರೆ ಕೆಲಸ ಸಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಪಕ್ಕದ ಶಾಲೆಯ ಜಾಹೀರಾತಿನಲ್ಲಿ "ಡಿಜಿಟಲ್" ಎಂದು ಬರೆದಿದೆಯೆಂದು ನಾವೂ ಬರೆಸುವುದಕ್ಕಾಗಿ ಹಣ ಸುರಿಯಬಾರದು.

ಈಗ ಹಣಕ್ಕಿಂತ ದೊಡ್ಡ ವಿಷಯಕ್ಕೆ ಬರುತ್ತೇವೆ. ದರಪಟ್ಟಿಗಳಲ್ಲಿ ಒಂದು ಅನುಕೂಲವನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಶುಲ್ಕ ಬಾಕಿಯಿದ್ದ ಮಗುವಿನ ಹೆಸರಿನ ಮುಂದೆ ತಾನಾಗಿಯೆ ಕೆಂಪು ಗುರುತು ಬೀಳುತ್ತದೆ. ಅದರ ಅಂಕಪಟ್ಟಿ ತೆರೆಯುವುದಿಲ್ಲ, ಪರೀಕ್ಷೆಯ ಪ್ರವೇಶಪತ್ರ ಮುದ್ರಣವಾಗುವುದಿಲ್ಲ, ಟಿ.ಸಿ. ಹೊರಡುವುದಿಲ್ಲ. ಇದನ್ನು "ಸ್ವಯಂಚಾಲಿತ ಬಾಕಿ ನಿಯಂತ್ರಣ" ಎಂದು ಹೊಗಳಿದ್ದಾರೆ.

ಬಂಧುಗಳೆ, ಈ ಬಡಾವಣೆಯಲ್ಲಿ ಶುಲ್ಕ ಬಾಕಿಯಾಗುವುದು ಯಾವಾಗ? ಮಿಲ್ಲಿನಲ್ಲಿ ಪಾಳಿ ಕಡಿಮೆಯಾದಾಗ. ಭತ್ತದ ಬರವು ನಿಂತು ಅಕ್ಕಿ ಗಿರಣಿ ಬಾಗಿಲು ಹಾಕಿದಾಗ. ಅಂಗಡಿಯವನ ಉದ್ರಿ ವಸೂಲಾಗದಾಗ. ಅಂದರೆ ತಂದೆಯ ತಪ್ಪಿಲ್ಲದ ಕಾಲದಲ್ಲಿ. ಇದುವರೆಗೆ ಏನಾಗುತ್ತಿತ್ತು? ತಾಯಿ ಬಂದು ಮುಖ್ಯೋಪಾಧ್ಯಾಯರ ಮುಂದೆ ನಿಲ್ಲುತ್ತಿದ್ದಳು. "ಹಬ್ಬ ಕಳೆಯಲಿ ಸಾರ್" ಎನ್ನುತ್ತಿದ್ದಳು. ಅವರು ಕನ್ನಡಕ ತೆಗೆದು ಒಮ್ಮೆ ನೋಡಿ, "ಆಗಲಿ ಹೋಗಮ್ಮ, ಮಗುವನ್ನು ಕಳಿಸು" ಎನ್ನುತ್ತಿದ್ದರು. ಮನುಷ್ಯ ಮನುಷ್ಯನೊಡನೆ ಮಾತನಾಡಿ ತೀರಿಸುತ್ತಿದ್ದ ವಿಷಯ ಅದು. ನಾಳೆ ಆ ತಾಯಿ ಯಾರ ಮುಂದೆ ನಿಲ್ಲಬೇಕು? "ಏನು ಮಾಡಲಮ್ಮ, ಕಂಪ್ಯೂಟರ್ ತೆಗೆದುಕೊಳ್ಳುತ್ತಿಲ್ಲ" ಎಂಬ ಉತ್ತರಕ್ಕೆ ಅವಳು ಏನು ಹೇಳಬೇಕು?

ಕಾನೂನು ಏನು ಹೇಳುತ್ತದೆ ಕೇಳಿ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 5ನೇ ಕಲಮಿನ ಪ್ರಕಾರ, ಎಂಟನೆಯ ತರಗತಿಯವರೆಗಿನ ಮಗು ಸರ್ಕಾರಿ ಇಲ್ಲವೆ ಅನುದಾನಿತ ಶಾಲೆಗೆ ಹೋಗಬಯಸಿದರೆ ಮುಖ್ಯೋಪಾಧ್ಯಾಯರು ಕೂಡಲೆ ವರ್ಗಾವಣೆ ಪತ್ರ ಕೊಡಬೇಕು. ತಡಮಾಡಿದರೆ ಅವರ ಮೇಲೆ ಶಿಸ್ತಿನ ಕ್ರಮವಾಗಬಹುದು. ಪತ್ರ ತಡವಾಯಿತೆಂದು ಹೊಸ ಶಾಲೆಯವರೂ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಕೆಲಸ ಹುಡುಕಿಕೊಂಡು ಊರು ಬಿಡುವ ಕುಟುಂಬಗಳಿಗಾಗಿಯೆ ಇದ್ದ ಹಾಗಿದೆ ಈ ಕಲಮು. ಕಾಯಿದೆ ಕೊಟ್ಟುದನ್ನು ಒಂದು ಕೆಂಪು ಗುರುತು ಕಿತ್ತುಕೊಳ್ಳುವಂತಿಲ್ಲ. ಆದುದರಿಂದ ನಮ್ಮ ಮೊದಲ ಷರತ್ತು: ಶುಲ್ಕದ ಲೆಕ್ಕ ಬೇರೆ, ಹಾಜರಿ ಅಂಕ ಟಿ.ಸಿ.ಯ ಲೆಕ್ಕ ಬೇರೆ. ಎರಡಕ್ಕೂ ಗಂಟು ಹಾಕುವ ಅನುಕೂಲವನ್ನು ಈ ಶಾಲೆ ಕೊಳ್ಳಬಾರದು. ಅದು ಸಾಫ್ಟ್‌ವೇರಿನೊಳಗೆ ಇದ್ದೇ ಬರುವುದಾದರೆ ಮುಚ್ಚಿ ಕೊಡಬೇಕು. ಶಾಲೆಗೂ ಸಂಬಳ ಕೊಡಬೇಕು, ಬಾಕಿ ವಸೂಲಾಗಬೇಕು ಎಂಬುದು ಸರಿ. ಅದನ್ನು ತಂದೆಯ ಹತ್ತಿರ ಕೇಳಿ. ಮಗುವಿನ ಕೈಯ ಕಾಗದ ಹಿಡಿದಿಟ್ಟು ಕೇಳಬೇಡಿ.

ಎರಡನೆಯದು ಹೆಸರಿನ ವಿಷಯ. ಸಣ್ಣದೆಂದು ನಗಬೇಡಿ. ಭವಿಷ್ಯನಿಧಿಯ ಖಾತೆಯಲ್ಲಿ ಒಂದು ಅಕ್ಷರ ತಪ್ಪಿ, ಇಪ್ಪತ್ತು ವರ್ಷ ದುಡಿದ ಹಣಕ್ಕೆ ಕಚೇರಿಯಿಂದ ಕಚೇರಿಗೆ ಅಲೆದವರು ಈ ಸಭೆಯಲ್ಲೆ ಕುಳಿತಿದ್ದಾರೆ. ಬಹಳಷ್ಟು ಸಾಫ್ಟ್‌ವೇರುಗಳು "ಮೊದಲ ಹೆಸರು, ಕೊನೆಯ ಹೆಸರು" ಎಂದು ಎರಡು ಮನೆ ಮಾಡಿ, ಎರಡನ್ನೂ ತುಂಬದೆ ಮುಂದಕ್ಕೆ ಬಿಡುವುದಿಲ್ಲ. ನಮ್ಮಲ್ಲಿ ಎಷ್ಟು ಮನೆಗಳಿಗೆ ಕೊನೆಯ ಹೆಸರು ಎಂಬುದಿದೆ? ಊರಿನ ಮೊದಲ ಅಕ್ಷರ, ತಂದೆಯ ಹೆಸರಿನ ಮೊದಲ ಅಕ್ಷರ, ಆಮೇಲೆ ತನ್ನ ಹೆಸರು. ಇದು ನಮ್ಮ ಕಡೆಯ ಕ್ರಮ. ಗುಮಾಸ್ತ ಏನು ಮಾಡುತ್ತಾನೆ? ತೋಚಿದ್ದನ್ನು ತುಂಬುತ್ತಾನೆ. ಒಂದು ಕಡೆ ಇನಿಷಿಯಲ್ ಮುಂದೆ ಬರುತ್ತದೆ, ಇನ್ನೊಂದು ಕಡೆ ಹಿಂದೆ. ಮತ್ತೊಂದು ಕಡೆ ತಂದೆಯ ಹೆಸರೇ ಮಗುವಿನ ಮನೆತನವಾಗಿಬಿಡುತ್ತದೆ. ಈಗ "ಅಪಾರ್" ಎಂಬ 12 ಅಂಕಿಯ ವಿದ್ಯಾರ್ಥಿ ಸಂಖ್ಯೆ ಬಂದಿದೆ. ಪೋಷಕರ ಒಪ್ಪಿಗೆಯ ಮೇಲೆ ಕೊಡುವಂತಹುದು ಅದು. ಆಧಾರಿನ ಹೆಸರಿಗೂ ಶಾಲೆಯ ಹೆಸರಿಗೂ ಹೊಂದಿಕೆಯಾಗದಿದ್ದರೆ ಅಲ್ಲಿಗೇ ಕೆಲಸ ನಿಲ್ಲುತ್ತದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ತಪ್ಪು ಹೆಸರು ಅಚ್ಚಾದರೆ ಆಮೇಲೆ ತಿದ್ದಿಸುವ ಕಷ್ಟ ಎಷ್ಟೆಂಬುದನ್ನು ತಾವು ಬಲ್ಲಿರಿ.

ಆದುದರಿಂದ ಪರೀಕ್ಷೆ ಹೀಗೆ ಮಾಡಿ. ಕಂಪನಿಯವನು ಬಂದಾಗ ಅವನು ತಂದ ಬಣ್ಣದ ಚಿತ್ರಗಳನ್ನು ನೋಡಬೇಡಿ. ನಮ್ಮ ದಾಖಲಾತಿ ವಹಿಯಲ್ಲಿರುವಂತಹ ಇಪ್ಪತ್ತು ಹೆಸರುಗಳನ್ನು ಕಲ್ಪಿಸಿ ಬರೆದುಕೊಡಿ. ಇನಿಷಿಯಲ್ ಇರುವುದು, ಇಲ್ಲದ್ದು, ಒಂದೇ ಹೆಸರಿರುವುದು, ತಂದೆ ಇಲ್ಲದೆ ತಾಯಿಯ ಹೆಸರಿನಲ್ಲಿ ದಾಖಲಾದುದು, ವರ್ಷದ ನಡುವೆ ಬಂದು ಸೇರಿದುದು, ಎರಡು ಸಲ ಶಾಲೆ ಬಿಟ್ಟು ಮತ್ತೆ ಬಂದುದು. "ಇವನ್ನು ನಮ್ಮೆದುರಿಗೆ ಕನ್ನಡದಲ್ಲಿ ತುಂಬು, ಟಿ.ಸಿ. ತೆಗೆದು ತೋರಿಸು" ಎನ್ನಿ. ಕನ್ನಡದ ಅಕ್ಷರಗಳು ಯುನಿಕೋಡ್‌ನಲ್ಲಿರಬೇಕು. ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಟ್ಟ ಪಟ್ಟಿಗಳನ್ನು ಹಾಗೆಯೇ ಹಾಕಿದರೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಅವನ್ನು ಯುನಿಕೋಡಿಗೆ ಪರಿವರ್ತಿಸುವ ಕೆಲಸ ಯಾರದು, ಖರ್ಚು ಯಾರದು ಎಂಬುದನ್ನೂ ಅಂದೇ ಕೇಳಿ. "ಸರ್ಕಾರದ ಜಾಲತಾಣಕ್ಕೆ ನಮ್ಮದು ತಾನಾಗಿಯೆ ಸೇರಿಕೊಳ್ಳುತ್ತದೆ" ಎಂದರೆ ಕಣ್ಣಾರೆ ಕಾಣುವವರೆಗೆ ನಂಬಬೇಡಿ. ಆ ಒಂದು ಮಾತು ಸುಳ್ಳಾದರೆ ಗುಮಾಸ್ತ ನಾಲ್ಕು ಕಡೆ ಬರೆಯುತ್ತಿದ್ದವನು ಐದು ಕಡೆ ಬರೆಯಬೇಕಾಗುತ್ತದೆ.

ಮೂರನೆಯದು ಭದ್ರತೆ. ಇಲ್ಲಿ ಪರದೇಶದ ಒಂದು ದೃಷ್ಟಾಂತ ಹೇಳುತ್ತೇವೆ. ಉತ್ತರ ಅಮೆರಿಕದಲ್ಲಿ ಪವರ್‌ಸ್ಕೂಲ್ ಎಂಬ ಕಂಪನಿಯಿದೆ. ಸಾವಿರಾರು ಶಾಲೆಗಳ ಮಕ್ಕಳ ಲೆಕ್ಕ ಅದರ ಕೈಯಲ್ಲಿದೆ. 2024ರಲ್ಲಿ ಅದನ್ನು ಬೇನ್ ಕ್ಯಾಪಿಟಲ್ ಎಂಬ ಬಂಡವಾಳದ ಸಂಸ್ಥೆ 560 ಕೋಟಿ ಡಾಲರಿಗೆ ಕೊಂಡುಕೊಂಡಿತು. ಅಷ್ಟು ದೊಡ್ಡ ಕಂಪನಿ. ಅದೇ ವರ್ಷದ ಡಿಸೆಂಬರಿನಲ್ಲಿ, ಗ್ರಾಹಕರಿಗೆ ನೆರವು ಕೊಡುವ ಅದರ ಬಾಗಿಲಿನ ಒಂದೇ ಒಂದು ಕದ್ದ ಪಾಸ್‌ವರ್ಡಿನಿಂದ ಕಳ್ಳರು ಒಳಹೊಕ್ಕು ಕೋಟ್ಯಂತರ ಮಕ್ಕಳ ವಿವರ ಎತ್ತಿಕೊಂಡು ಹೋದರು. ಕಂಪನಿ ಒತ್ತೆಹಣ ಕೊಟ್ಟಿತು. ಕದ್ದುದನ್ನು ಅಳಿಸಿದೆವೆಂದು ಕಳ್ಳರು ಹೇಳಿದರು. 2025ರ ಮೇ ತಿಂಗಳಲ್ಲಿ ಅದೇ ವಿವರ ಹಿಡಿದು ಶಾಲಾ ಮಂಡಲಿಗಳನ್ನೇ ಮತ್ತೆ ಹಣ ಕೇಳಿದರು. ಕೆನಡಾದ ಟೊರಾಂಟೊ ಶಾಲಾ ಮಂಡಲಿಯಲ್ಲಿ 1985ರಿಂದ ಓದಿದವರ ವಿವರಗಳು ಆ ಕಳವಿನಲ್ಲಿದ್ದುವು. ಮೊಮ್ಮಕ್ಕಳನ್ನು ಕಂಡವರ ಬಾಲ್ಯದ ವಿವರವೂ ಹೋಯಿತು! ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿ ಫಲವೇನು?

ದೂರದ ಮಾತೆಂದು ಬಿಡಬೇಡಿ. ನಮ್ಮ ದೇಶದ ಸರ್ಕಾರದ್ದೇ ಆದ ದೀಕ್ಷಾ ಎಂಬ ಶಿಕ್ಷಣದ ವ್ಯವಸ್ಥೆಯಲ್ಲಿ ವಿವರಗಳಿದ್ದ ಒಂದು ಉಗ್ರಾಣವನ್ನು ಬೀಗವಿಲ್ಲದೆ ಬಿಟ್ಟಿದ್ದರೆಂದೂ, ಹತ್ತು ಲಕ್ಷಕ್ಕೂ ಹೆಚ್ಚು ಉಪಾಧ್ಯಾಯರ ಹೆಸರು, ಫೋನ್ ಸಂಖ್ಯೆಗಳು ಬಯಲಲ್ಲಿದ್ದುವೆಂದೂ 2023ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಯಲಾಯಿತು.

ಇದರಿಂದ ಕಲಿಯಬೇಕಾದುದು ಎರಡು. ಒಂದು, ಕಂಪನಿ ದೊಡ್ಡದು ಎಂಬುದು ಭದ್ರತೆಯ ಖಾತರಿಯಲ್ಲ. ಪಾಸ್‌ವರ್ಡಿನ ಜೊತೆಗೆ ಫೋನಿಗೆ ಬರುವ ಎರಡನೆಯ ಗುರುತನ್ನೂ ಕೇಳುತ್ತದೆಯೆ? ಒಬ್ಬೊಬ್ಬ ಉಪಾಧ್ಯಾಯರಿಗೂ ಬೇರೆ ಬೇರೆ ಪಾಸ್‌ವರ್ಡ್ ಇದೆಯೆ? ಯಾರು ಯಾವಾಗ ಯಾವ ವಿವರ ನೋಡಿದರು, ತಿದ್ದಿದರು ಎಂಬುದು ದಾಖಲಾಗುತ್ತದೆಯೆ? ಐದನೆಯ ತರಗತಿಯ ಉಪಾಧ್ಯಾಯರಿಗೆ ಐದನೆಯ ತರಗತಿ ಮಾತ್ರ ಕಾಣಬೇಕು. ಬಸ್ಸಿನ ಉಸ್ತುವಾರಿಯವನಿಗೆ ಮಗುವಿನ ಜಾತಿ ಕಾಣಬೇಕಾಗಿಲ್ಲ. ಎರಡು, ಇಲ್ಲದ್ದನ್ನು ಯಾರೂ ಕದಿಯಲಾರರು. ದಾಖಲಾತಿ ವಹಿ ಶಾಶ್ವತವಾಗಿರಬೇಕು, ಸರಿ. ಆದರೆ ತಂದೆಯ ಆದಾಯ, ತಾಯಿಯ ಕಾಯಿಲೆ, ಮನೆಯ ಫೋನ್ ಸಂಖ್ಯೆ, ಬ್ಯಾಂಕಿನ ಖಾತೆ ಇವನ್ನು ಮಗು ಶಾಲೆ ಬಿಟ್ಟ ಮೇಲೆ ಇಟ್ಟುಕೊಂಡು ಏನು ಮಾಡುತ್ತೀರಿ? ಅಗತ್ಯವಿದ್ದುದನ್ನು ಮಾತ್ರ ಕೇಳಿ. ಕೆಲಸ ತೀರಿದ ಮೇಲೆ ಅಳಿಸಿ.

ಆಧಾರಿನ ಮಾತು ಬಂದಾಗ ಎಲ್ಲರೂ ಹೆದರುತ್ತಾರೆ. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟು ಶಾಲೆಯ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡಕೂಡದೆಂದು ತೀರ್ಪು ಕೊಟ್ಟಿದೆ. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕದ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ.ಎಸ್. ಪುಟ್ಟಸ್ವಾಮಿಯವರು. ಖಾಸಗಿತನ ಪ್ರತಿಯೊಬ್ಬನ ಮೂಲಭೂತ ಹಕ್ಕೆಂದು 2017ರಲ್ಲಿ ತೀರ್ಮಾನವಾದುದೂ ಅವರ ಮೊಕದ್ದಮೆಯಲ್ಲೆ. ಆದುದರಿಂದ ಆಧಾರ್ ಸಂಖ್ಯೆ ತುಂಬದೆ ಮಗುವನ್ನು ದಾಖಲಿಸಿಕೊಳ್ಳದ ಸಾಫ್ಟ್‌ವೇರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಬೇಕು.

ಇನ್ನು ಹಾಜರಿಗೆ ಮಕ್ಕಳ ಮುಖವನ್ನು ಕ್ಯಾಮರಾದಿಂದ ಗುರುತಿಸುವ ಯಂತ್ರ. ಒಂದು ದರಪಟ್ಟಿಯಲ್ಲಿ ಇದನ್ನು ಪುಕ್ಕಟೆಯಾಗಿ ಸೇರಿಸಿದ್ದಾರೆ. ಸ್ವೀಡನ್ ದೇಶದ ಷೆಲ್ಲೆಫ್ಟಿಯೊ ಎಂಬ ಊರಿನ ಶಾಲೆಯೊಂದರಲ್ಲಿ 22 ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷೆಗೆಂದು ನಡೆಸಿದರು. ಪೋಷಕರು ಒಪ್ಪಿದ್ದರು. ಆದರೂ 2019ರಲ್ಲಿ ಅಲ್ಲಿನ ಅಧಿಕಾರಿಗಳು ಪುರಸಭೆಗೆ ಎರಡು ಲಕ್ಷ ಕ್ರೋನರ್ ದಂಡ ಹಾಕಿದರು. ಕಾರಣ ಕೇಳುವಂತಿದೆ: ಶಾಲೆಯ ಅಂಕೆಯಲ್ಲಿರುವ ವಿದ್ಯಾರ್ಥಿ ಕೊಟ್ಟ ಒಪ್ಪಿಗೆ ಸ್ವತಂತ್ರವಾದ ಒಪ್ಪಿಗೆಯಲ್ಲ. ಮಾಲೀಕನ ಕೋಣೆಯಲ್ಲಿ ನಿಂತು ಹಾಕಿದ ಸಹಿಯ ಬೆಲೆಯನ್ನು ಬಲ್ಲ ಕಾರ್ಮಿಕರಿಗೆ ಈ ತೀರ್ಪಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ಮುಖ ಬದಲಾಯಿಸಲಾಗುತ್ತದೆಯೆ? ಉಪಾಧ್ಯಾಯರು ಹೆಸರು ಕೂಗಿ ಮಕ್ಕಳ ಕಡೆ ನೋಡುವ ಆ ಎರಡು ನಿಮಿಷದಲ್ಲಿ ಯಾವ ಮಗು ಊಟ ಮಾಡಿ ಬಂದಿಲ್ಲ, ಯಾವುದು ಅತ್ತು ಬಂದಿದೆ ಎಂಬುದೂ ತಿಳಿಯುತ್ತದೆ. ಅದನ್ನು ಯಂತ್ರಕ್ಕೆ ಮಾರುವುದು ಬೇಡ.

ನಾಲ್ಕನೆಯದು ಕರಾರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಮುಖ್ಯ ಕರ್ತವ್ಯಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರುವಂತಹುವು. 18 ವರ್ಷ ತುಂಬದವರೆಲ್ಲ ಅದರ ಕಣ್ಣಿನಲ್ಲಿ ಮಕ್ಕಳು. ಅವರ ವಿವರಕ್ಕೆ ಪೋಷಕರ ಒಪ್ಪಿಗೆ ಬೇಕು, ಅದನ್ನು ಹಿಡಿದು ಅವರಿಗೆ ಜಾಹೀರಾತು ತೋರಿಸಕೂಡದು. ಪಾಠದ ಮತ್ತು ಸುರಕ್ಷತೆಯ ಕೆಲಸದ ಮಟ್ಟಿಗೆ ಶಾಲೆಗಳಿಗೆ ಕೆಲವು ವಿನಾಯಿತಿಗಳಿವೆ. ಆದರೆ ಸಮಿತಿಯವರು ಗಮನಿಸಬೇಕಾದ ಮಾತು ಬೇರೆ: ವಿವರ ಕಂಪನಿಯ ಯಂತ್ರದಲ್ಲಿದ್ದರೂ ಕಾನೂನಿನ ಹೊಣೆ ಶಾಲೆಯದೇ. ಭದ್ರತೆಯ ಕರ್ತವ್ಯ ತಪ್ಪಿದರೆ ದಂಡದ ಮೇಲಿನ ಮಿತಿ 250 ಕೋಟಿ ರೂಪಾಯಿ. ನಮ್ಮಂಥ ಶಾಲೆಗೆ ಅಷ್ಟು ಹಾಕಲಾರರು. ಆದರೆ "ಕಂಪನಿಯವರನ್ನು ಕೇಳಿ" ಎಂದು ಕೈ ತೊಳೆದುಕೊಳ್ಳುವ ದಾರಿ ಮುಚ್ಚಿದೆ.

ಕರಾರಿನಲ್ಲಿ ಬರೆಸಲೇಬೇಕಾದುದು ಬಿಡುಗಡೆಯ ಮಾತು. ಮನೆ ಬಾಡಿಗೆಗೆ ಹೋಗುವ ದಿನವೇ ಬಿಡುವ ದಿನದ ಷರತ್ತು ಬರೆಸಬೇಕಲ್ಲವೆ? ನಾಳೆ ಕಂಪನಿ ದಿವಾಳಿಯಾಯಿತು, ಇಲ್ಲವೆ ದರ ಇಮ್ಮಡಿಯಾಯಿತು, ನಾವು ಬಿಡುತ್ತೇವೆ ಎಂದರೆ ನಮ್ಮ ಲೆಕ್ಕವೆಲ್ಲ ಸಾಮಾನ್ಯ ಕೋಷ್ಟಕದ ರೂಪದಲ್ಲಿ, ಹಣ ಕೇಳದೆ, ಇಷ್ಟು ದಿನದೊಳಗೆ ಕೈಗೆ ಬರಬೇಕು. ಆಮೇಲೆ ಅವರ ಯಂತ್ರದಲ್ಲಿ ಉಳಿದುದನ್ನು ಅಳಿಸಿ ಬರಹದಲ್ಲಿ ತಿಳಿಸಬೇಕು. ಕರಾರು ಕನ್ನಡದಲ್ಲಿರಬೇಕು. ಸಹಿ ಹಾಕುವವರಿಗೇ ಅರ್ಥವಾಗದ ಇಂಗ್ಲಿಷಿನ ನಲವತ್ತು ಪುಟದ ಕೆಳಗೆ ಈ ಶಾಲೆಯ ಮೊಹರು ಬೀಳಬಾರದು.

ಪೋಷಕರು ಕೇಳಿದರೆ ಏನಾದೀತು ಎಂದು ಸಂದೇಹಪಡುವವರಿಗೆ ಒಂದು ಸಂಗತಿ. ಅಮೆರಿಕದಲ್ಲಿ 2013ರಲ್ಲಿ ಇನ್‌ಬ್ಲೂಮ್ ಎಂಬ ಸಂಸ್ಥೆ ಹಲವು ರಾಜ್ಯಗಳ ಮಕ್ಕಳ ವಿವರಗಳನ್ನೆಲ್ಲ ಒಂದೇ ಕಡೆ ಕೂಡಿಹಾಕಲು ಹೊರಟಿತು. ಗೇಟ್ಸ್ ಪ್ರತಿಷ್ಠಾನ ಮೊದಲಾದವರ ಹತ್ತು ಕೋಟಿ ಡಾಲರ್ ಅದರ ಬೆನ್ನಿಗಿತ್ತು. ತಂದೆ ತಾಯಿಗಳು ಸಭೆ ಸೇರಿ ಕೇಳಿದ್ದು ಸರಳವಾದ ಪ್ರಶ್ನೆ: ನಮ್ಮ ಮಗುವಿನ ವಿವರ ಯಾರಿಗೆ, ಏತಕ್ಕೆ? ತೃಪ್ತಿಕರವಾದ ಉತ್ತರ ಬರಲಿಲ್ಲ. ಒಂದೊಂದಾಗಿ ರಾಜ್ಯಗಳು ಹಿಂದೆ ಸರಿದುವು. 2014ರ ಏಪ್ರಿಲಿನಲ್ಲಿ ಇನ್‌ಬ್ಲೂಮ್ ಬಾಗಿಲು ಹಾಕುವುದಾಗಿ ಪ್ರಕಟಿಸಿತು.

ಕೊನೆಯದಾಗಿ ದುಡಿಯುವವರ ಮಾತು. ಈ ಸಾಫ್ಟ್‌ವೇರನ್ನು ದಿನವೂ ತುಂಬುವವರು ಉಪಾಧ್ಯಾಯರು ಮತ್ತು ಗುಮಾಸ್ತರು. ಅವರನ್ನು ಕೇಳದೆ ಕೊಂಡುದು ಮೂಲೆ ಸೇರುತ್ತದೆ. ಯಾರ ಫೋನಿನಿಂದ ಹಾಜರಿ ಹಾಕಬೇಕು? ಅವರ ಸ್ವಂತ ಫೋನಿನಿಂದಾದರೆ ಅದರ ಖರ್ಚು ಯಾರದು? ಮನೆಗೆ ಹೋದ ಮೇಲೆ ರಾತ್ರಿ ಹತ್ತು ಗಂಟೆಗೆ ಅಂಕ ತುಂಬಬೇಕೆ? ವಿದ್ಯುತ್ ಹೋದ ದಿನ, ನೆಟ್‌ವರ್ಕ್ ಇಲ್ಲದ ದಿನ ಏನು ಗತಿ? ಮಿಲ್ಲಿನಲ್ಲಿ ಹೊಸ ಯಂತ್ರ ಬಂದಾಗ ಕೆಲಸದ ಹೊರೆ ಎಷ್ಟೆಂದು ಕೇಳುವ ನಾವು ಇಲ್ಲಿ ಉಪಾಧ್ಯಾಯರ ಪರವಾಗಿ ಅದೇ ಪ್ರಶ್ನೆ ಕೇಳಬೇಕು.

ಈ ಎಲ್ಲವನ್ನೂ ಕೂಡಿಸಿ ಸಭೆಯ ಮುಂದೆ ಈ ನಿರ್ಣಯವನ್ನು ಇಡುತ್ತಿದ್ದೇವೆ:

1. ಸಾಫ್ಟ್‌ವೇರಿನ ಆಯ್ಕೆಗೆ ಏಳು ಜನರ ಉಪಸಮಿತಿಯಾಗಬೇಕು. ಅದರಲ್ಲಿ ಇಬ್ಬರು ಉಪಾಧ್ಯಾಯರು, ಗುಮಾಸ್ತರು, ಮೂವರು ಪೋಷಕರು ಇರಬೇಕು; ಪೋಷಕರಲ್ಲಿ ಇಬ್ಬರಾದರೂ ತಾಯಂದಿರಾಗಿರಬೇಕು. ಒಬ್ಬರು ಆಡಳಿತ ಸಮಿತಿಯವರು.

2. ಐದು ವರ್ಷದ ಒಟ್ಟು ಖರ್ಚನ್ನು ಬರೆದುಕೊಡದ ದರಪಟ್ಟಿಯನ್ನು ತೆರೆಯಕೂಡದು. ಜೊತೆಗೆ ನೆರೆಯ ಶಾಲೆಗಳೊಡನೆ ಕೂಡಿ ಮುಕ್ತ ತಂತ್ರಾಂಶ ನಡೆಸುವ ಲೆಕ್ಕವನ್ನೂ ಹಾಕಿ ಹೋಲಿಸಬೇಕು.

3. ಶುಲ್ಕದ ಬಾಕಿಗೂ ಮಗುವಿನ ಅಂಕ, ಪರೀಕ್ಷೆ, ಟಿ.ಸಿ.ಗಳಿಗೂ ಗಂಟು ಹಾಕಕೂಡದು. ಆಧಾರ್ ಕಡ್ಡಾಯವಾಗಕೂಡದು. ಮುಖದ ಗುರುತು ಬೇಡ.

4. ಮೊದಲು ಒಂದೇ ತರಗತಿಯಲ್ಲಿ, ಒಂದು ಅರ್ಧವರ್ಷ, ಪರೀಕ್ಷೆಗೆಂದು ನಡೆಸಬೇಕು. ಅಷ್ಟೂ ಕಾಲ ಕಾಗದದ ವಹಿಗಳೂ ನಡೆಯುತ್ತಿರಬೇಕು.

5. ಪ್ರತಿಯೊಬ್ಬ ಪೋಷಕರಿಗೂ ತಮ್ಮ ಮಗುವಿನ ಬಗ್ಗೆ ಬರೆದಿರುವುದನ್ನು ವರ್ಷಕ್ಕೊಮ್ಮೆ ಕಾಗದದ ಮೇಲೆ ಅಚ್ಚು ಹಾಕಿ ಕೊಟ್ಟು, ಓದಿ ಹೇಳಿ, ತಪ್ಪಿದ್ದರೆ ತಿದ್ದಬೇಕು.

ಐದನೆಯದನ್ನು ಓದುಬರಹ ಬಾರದ ತಾಯಂದಿರಿಗಾಗಿ ಸೇರಿಸಿದ್ದೇವೆ. ಫೋನಿನಲ್ಲಿ ನೋಡಿಕೊಳ್ಳಿ ಎಂದರೆ ಅವರಿಗೆ ಹೇಳಿದಂತಾಗುವುದಿಲ್ಲ.

ಸಮಿತಿಯವರು ನಮ್ಮ ವಿರೋಧಿಗಳಲ್ಲ. ಅವರೂ ಈ ಬಡಾವಣೆಯವರೇ, ಅವರ ಮಕ್ಕಳೂ ಇಲ್ಲಿಯೇ ಓದುತ್ತಾರೆ. ಕೆಲಸ ಹಗುರವಾಗಲಿ ಎಂಬುದು ಅವರ ಆಸೆ. ನಮ್ಮ ಆಸೆಯೂ ಅದೇ. ಹಗುರವಾಗುವ ಭರದಲ್ಲಿ ನಮ್ಮ ಮಕ್ಕಳ ಹೆಸರು, ಹುಟ್ಟು, ಜಾತಿ, ಬಡತನ ಎಲ್ಲವೂ ಎಲ್ಲಿಯೋ ದೂರದ ಒಂದು ಯಂತ್ರದಲ್ಲಿ, ನಮ್ಮ ಕೈಗೆ ಸಿಗದ ಹಾಗೆ ಕುಳಿತುಬಿಡಬಾರದು ಎಂಬುದಷ್ಟೆ ನಮ್ಮ ಕೋರಿಕೆ. ನಿರ್ಣಯವನ್ನು ಒಪ್ಪುವವರು ಕೈ ಎತ್ತಿ. ಒಪ್ಪದವರು ಎದ್ದು ನಿಂತು ಕಾರಣ ಹೇಳಿ. ಎಷ್ಟು ಹೊತ್ತಾದರೂ ಕೇಳುವುದಕ್ಕೆ ನಾವು ಸಿದ್ಧರಿದ್ದೇವೆ.